ಬಾತ್‌ರೂಮ್ ಕನ್ನಡಿ ಟಿವಿ: ಸೌಂಡ್ ಬರುತ್ತೆ, ಮಾತು ಅರ್ಥ ಆಗಲ್ಲ

ಅರ್ಧಮನೆ, ಭಾನುವಾರ ಬೆಳಿಗ್ಗೆ

ಮೈಸೂರಲ್ಲಿ ಮನೆ ಕಟ್ಸಿ ಗೃಹಪ್ರವೇಶ ಆಗಿ ನಾಲ್ಕ್ ತಿಂಗ್ಳಾಯ್ತು, ಸಣ್ಣಪುಟ್ಟ ಕೆಲ್ಸ ಇನ್ನೂ ಮುಗೀತಾನೇ ಇಲ್ಲ, ಅದ್ರಲ್ಲಿ ಇದೊಂದು, ಗೊತ್ತಿರೋರು ದಾರಿ ತೋರ್ಸಿ. ಅಪ್ಪನ ರೂಮಿನ ಅಟ್ಯಾಚ್ಡ್ ಬಾತ್‌ರೂಮಲ್ಲಿ ವಾಶ್‌ಬೇಸಿನ್ ಮೇಲಿನ ಕನ್ನಡಿ ಹಿಂದೆ 22 ಇಂಚಿನ ಟಿವಿ ಕೂರ್ಸಿದೀವಿ, ಆಫ್ ಮಾಡಿದ್ರೆ ಬರೀ ಕನ್ನಡಿ, ಆನ್ ಮಾಡಿದ್ರೆ ಮಧ್ಯದಲ್ಲಿ ಚಿತ್ರ ಮೂಡುತ್ತೆ. ಐಡಿಯಾ ಇಂಟೀರಿಯರ್‌ನವ್ರದ್ದು, ದುಡ್ಡು ನಂದು. ಅಪ್ಪಂಗೆ 76 ವರ್ಷ, ಬೆಳಿಗ್ಗೆ ಒಳಗೆ ಹೋದ್ರೆ ಮುಕ್ಕಾಲು ಗಂಟೆ, ಶೇವಿಂಗ್ ಮಾಡ್ತಾ ಚಂದನದಲ್ಲಿ ವಾರ್ತೆ ಕೇಳ್ಬೇಕು. ಹಳೇ ಮನೇಲಿ ಬಚ್ಚಲ ಕಿಟಕೀಲಿ ಟ್ರಾನ್ಸಿಸ್ಟರ್ ಇಟ್ಕೊಳ್ತಿದ್ರು.

ಈಗ ಏನಾಗಿದೆ ಅಂದ್ರೆ ಟಿವಿ ಸ್ಪೀಕರ್ ಹಿಂದಗಡೆ ಗೋಡೆ ನೋಡ್ಕೊಂಡಿದೆ, ಅದ್ರ ಮುಂದೆ ಗಾಜು, ಸೌಂಡ್ ಕೇಳಿದ್ರೆ ಬಾವಿಯೊಳಗಿಂದ ಯಾರೋ ಕೂಗ್ದಂಗಿದೆ. ವಾಲ್ಯೂಮ್ 40ಕ್ಕೆ ಏರ್ಸಿದ್ರೆ ಪಕ್ಕದ ಮನೆಯವ್ರಿಗೆ ಕೇಳ್ಸುತ್ತೆ ಆದ್ರೆ ಒಳಗಿರೋ ಅಪ್ಪಂಗೆ ಒಂದು ಪದ ಅರ್ಥ ಆಗಲ್ಲ. ಬ್ಲೂಟೂತ್ ಸ್ಪೀಕರ್ ಇಟ್ಟು ನೋಡ್ದೆ, ತುಟಿ ಮೊದ್ಲು ಮಾತು ಆಮೇಲೆ, ಅಪ್ಪ ಮೂರೇ ದಿನಕ್ಕೆ ತೆಗೆದು ಹೊರಗಿಟ್ರು.

ಡೀಟೇಲ್ಸು: ಬಾತ್‌ರೂಮ್ 8 ಅಡಿ 5 ಅಡಿ, ಫಾಲ್ಸ್ ಸೀಲಿಂಗ್ 8 ಅಡಿಗೆ, ನೆಲದಿಂದ ಸೀಲಿಂಗ್ ತನಕ ಟೈಲ್ಸು. ಟಿವಿ 12 ವೋಲ್ಟಿಂದು, ಅದ್ರ ಅಡಾಪ್ಟರ್ ಮತ್ತೆ ಡಿಟಿಎಚ್ ಬಾಕ್ಸ್ ಗೋಡೆ ಆಚೆ ರೂಮಿನ ವಾರ್ಡ್‌ರೋಬಲ್ಲಿದೆ. ಟಿವೀಲಿ ಹೆಡ್‌ಫೋನ್ ಜ್ಯಾಕ್, ಆಪ್ಟಿಕಲ್, ಒಂದು ಎಚ್‌ಡಿಎಂಐ ಎಆರ್‌ಸಿ (ಟಿವಿ ಸೌಂಡನ್ನ ಹೊರಗೆ ಕಳ್ಸೋ ಎಚ್‌ಡಿಎಂಐ) ಇದೆ. ವಾರ್ಡ್‌ರೋಬಿಂದ ಫಾಲ್ಸ್ ಸೀಲಿಂಗಿಗೆ ಮುಕ್ಕಾಲಿಂಚಿನ ಖಾಲಿ ಪೈಪ್ ಒಂದಿದೆ, ಯಾಕ್ ಹಾಕಿದ್ರೋ ದೇವ್ರಿಗೇ ಗೊತ್ತು. ಒಳ್ಳೇ ಸೌಂಡ್‌ಬಾರ್ ಒಂದನ್ನ ಕನ್ನಡಿ ಕೆಳಗೆ ಅಂಟ್ಸಿದ್ರೆ ಆಗುತ್ತಾ?

ಹುಬ್ಳಿಮಂದಿ

ಅಣ್ಣಾರ, ಬಚ್ಚಲದಾಗ ಟಿವಿ ಹಚ್ಚೀರಿ ಅಂದ್ರ ಮೊದ್ಲ ನಿಮ್ಗ ಒಂದು ಕೈ ಮುಗೀತೀನಿ. ನಮ್ಮನ್ಯಾಗ ಹತ್ತು ನಿಮಿಷ ಒಳಗಿದ್ರ ಹೊರಗಿಂದ ಬಾಗಿಲಾ ಬಡೀತಾರ್ರಿ.

ಸರ್ಕೀಟುಕಾಕ

ಸೌಂಡ್‌ಬಾರ್ ಬೇಡ. ಎರಡು ಕಾರಣ. ಒಂದು, ಅದಕ್ಕೆ 230 ವೋಲ್ಟ್ ಪ್ಲಗ್ ಬೇಕು, ಬೇಸಿನ್ ಪಕ್ಕ ಅದನ್ನ ತರೋದು ಯಾಕೆ, ನಿಮ್ಮ ಪುಣ್ಯಕ್ಕೆ ಟಿವಿ 12 ವೋಲ್ಟಿಂದು, ಅಡಾಪ್ಟರ್ ಹೊರಗಿದೆ, ಆ ಪುಣ್ಯಾನ ಉಳಿಸ್ಕೊಳಿ. ಎರಡು, ಹಬೆ. ಎಲ್ರೂ ಐಪಿ65, ಐಪಿ44 ಅಂತ ನಂಬರ್ ನೋಡ್ತಾರೆ, ಮೊದಲ್ನೇ ಅಂಕಿ ಧೂಳಿಗೆ, ಎರಡನೇದು ನೀರಿಗೆ, 4 ಅಂದ್ರೆ ಎರಚಲು, 5 ಅಂದ್ರೆ ಪೈಪಲ್ಲಿ ಬಿಟ್ಟ ನೀರು. ಆದ್ರೆ ಈ ಟೆಸ್ಟು ಹೊರಗಿಂದ ಬೀಳೋ ನೀರಿಂದು, ಬಿಸಿ ಹಬೆ ಸಣ್ಣ ಸಂದೀಲಿ ಒಳಗೆ ನುಗ್ಗಿ ತಣ್ಣಗಾಗಿ ಬೋರ್ಡ್ ಮೇಲೆ ಹನಿಗಟ್ಟೋದನ್ನ ಅದು ಅಳೆಯಲ್ಲ. ಹಾಗಾಗಿ ಎಲೆಕ್ಟ್ರಾನಿಕ್ಸ್ ಇರೋದೆಲ್ಲ ವಾರ್ಡ್‌ರೋಬಲ್ಲಿ, ಬಾತ್‌ರೂಮ್ ಒಳಗೆ ಬರೀ ಸ್ಪೀಕರ್ ಮತ್ತೆ ಅದ್ರ ವೈರು. ಆ ಖಾಲಿ ಪೈಪ್ ಹಾಕಿದ ಪುಣ್ಯಾತ್ಮ ಯಾರೋ, ಕರೆದು ಕಾಫಿ ಕೊಡಿ.

ಇನ್ನೊಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ವಾರ್ಡ್‌ರೋಬ್ ಸರ್ಕೀಟಲ್ಲಿ ಮತ್ತೆ ಗೀಸರ್ ಲೈನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್ಚು, ಇದೆಯಾ? ಎಂಸಿಬಿ ಇದೆ ಸಾಕು ಅನ್ಬೇಡಿ, ಎಂಸಿಬಿ ವೈರ್ ಸುಡೋದನ್ನ ತಡೆಯುತ್ತೆ, ಮನುಷ್ಯನ್ನ ಕಾಯಲ್ಲ. ಡಬ್ಬ ತೆಗೆದು ಟೆಸ್ಟ್ ಬಟನ್ ಒತ್ತಿ ನೋಡಿ, ಟ್ರಿಪ್ ಆಗ್ಬೇಕು.

ಅರ್ಧಮನೆ

ಒತ್ತಿದೆ ಕಾಕ, ಟ್ರಿಪ್ ಆಯ್ತು, ಇಡೀ ಮನೆ ಕತ್ತಲಾಯ್ತು, ಅಡುಗೆಮನೆಯಿಂದ ಮಿಕ್ಸಿ ನಿಂತಿದ್ದಕ್ಕೆ ಬೈಗುಳನೂ ಬಂತು. ಆರ್‌ಸಿಸಿಬಿ ಇದೆ.

ತಗಡುಡಬ್ಬ

ನಿಮ್ಮ ಪ್ರಾಬ್ಲಂ ಸ್ಪೀಕರಿಂದಲ್ಲ, ರೂಮಿಂದು. ಲೆಕ್ಕ ಹಾಕಿ ತೋರಿಸ್ತೀನಿ ಇರಿ. ನಿಮ್ಮ ಬಾತ್‌ರೂಮ್ ಮೀಟರಲ್ಲಿ 2.4, 1.5, 2.4. ಅಂದ್ರೆ ಒಳಗಿನ ಗಾಳಿ 8.6 ಘನ ಮೀಟರ್, ಗೋಡೆ ನೆಲ ಸೀಲಿಂಗ್ ಎಲ್ಲ ಸೇರಿ 26 ಚದರ ಮೀಟರ್. ಟೈಲ್ಸು ತನ್ನ ಮೇಲೆ ಬಿದ್ದ ಸದ್ದಲ್ಲಿ ನೂರಕ್ಕೆ ಎರಡು ಪಾಲು ಹೀರ್ಕೊಳ್ಳುತ್ತೆ ಅಷ್ಟೇ, ಮಿಕ್ಕಿದ್ದು ವಾಪಸ್. ಸಬೈನ್ ಸೂತ್ರ ಅಂತ ಇದೆ, 0.161 ಇಂಟು ಗಾಳಿ, ಭಾಗಿಸು ಸದ್ದು ಹೀರ್ಕೊಳ್ಳೋ ವಿಸ್ತೀರ್ಣ (26ರಲ್ಲಿ ನೂರಕ್ಕೆ ಎರಡು, ಅಂದ್ರೆ 0.52), ಬರೋದು 2.7 ಸೆಕೆಂಡ್. ಒಂದು ಚಪ್ಪಾಳೆ ಪೂರ್ತಿ ಸಾಯಕ್ಕೆ ಅಷ್ಟು ಹೊತ್ತು. ಸೋಫಾ ಪರದೆ ಇರೋ ಹಾಲಲ್ಲಿ ಅದು ಅರ್ಧ ಸೆಕೆಂಡ್ ಆಸುಪಾಸು. ವಾರ್ತೆ ಓದೋರು ಸೆಕೆಂಡಿಗೆ ಎರಡು ಮೂರು ಪದ ಓದ್ತಾರೆ, ಅಂದ್ರೆ ಹಿಂದಿನ ಆರು ಪದದ ಬಾಲ ಇನ್ನೂ ಗೋಡೆಯಿಂದ ಗೋಡೆಗೆ ಓಡಾಡ್ತಿರೋವಾಗ್ಲೇ ಏಳನೇ ಪದ ಬಂದು ಅದ್ರ ಮೇಲೆ ಬೀಳುತ್ತೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ನಿಮ್ಮ ಗೋಡೇಲೇ ಕೂತಿದಾನೆ. ವಾಲ್ಯೂಮ್ ಏರ್ಸಿದ್ರೆ ಅವನ ದನೀನೂ ಏರುತ್ತೆ.

ಈ ಲೆಕ್ಕ ಸಣ್ಣ ರೂಮಲ್ಲಿ ಒರಟು, ಫಾಲ್ಸ್ ಸೀಲಿಂಗ್ ಸ್ವಲ್ಪ ಬೇಸ್ ತಿನ್ನುತ್ತೆ, ಬಾಗ್ಲು ಒಂಚೂರು ತಿನ್ನುತ್ತೆ. ಆದ್ರೆ ಮಜಾ ನೋಡಿ, ಒಬ್ಬ ಮನುಷ್ಯ ಒಳಗೆ ಹೋಗಿ ನಿಂತ್ರೆ ಅವನ ಮೈಯೇ ಸುಮಾರು ಅರ್ಧ ಚದರ ಮೀಟರಷ್ಟು ಸದ್ದು ಹೀರುತ್ತೆ, 2.7 ಇದ್ದಿದ್ದು 1.4ಕ್ಕೆ ಇಳಿಯುತ್ತೆ. ದಪ್ಪನೆ ಟರ್ಕಿ ಟವೆಲ್ ಎರಡು ಬಿಚ್ಚಿ ಹರಡಿ ನೇತಾಕಿದ್ರೆ ಒಂದು ಸೆಕೆಂಡ್ ಹತ್ರ ಬರುತ್ತೆ. ದುಡ್ಡು ಖರ್ಚು ಮಾಡೋ ಮುಂಚೆ ಟವೆಲ್ ನೇತಾಕಿ ಅದೇ ವಾರ್ತೆ ಕೇಳಿ ನೋಡಿ.

ಸುಮ್ನೆಓದ್ತೀನಿ

ಅದಕ್ಕೇನಾ ಬಾತ್‌ರೂಮಲ್ಲಿ ಎಲ್ರೂ ಗಾಯಕರಾಗೋದು?

ತಗಡುಡಬ್ಬ

ಅದಕ್ಕೇ. ಜೊತೆಗೆ 2.4 ಮೀಟರ್ ಗೋಡೆಗಳ ಮಧ್ಯ 71 ಹರ್ಟ್ಸ್, 1.5 ಮೀಟರ್ ಮಧ್ಯ 114 ಹರ್ಟ್ಸ್ ತಾನಾಗೇ ಗುಂಯ್‌ಗುಡುತ್ತೆ, ಗಂಡಸ್ರ ದನಿ ಕೆಳಗಿನ ಭಾಗ ಅಲ್ಲೇ ಬಂದು ಕೂರೋದ್ರಿಂದ ನಾವೇ ದೊಡ್ಡ ವಿದ್ವಾಂಸರು ಅನ್ಸುತ್ತೆ. ಹಾಡೋನಿಗೆ ಅದು ವರ, ವಾರ್ತೆ ಕೇಳೋರಿಗೆ ಶಾಪ. ಅರ್ಧಮನೆ, ಸ್ಪೀಕರ್ ಯಾವ್ದೇ ತಗೊಳಿ, 150 ಹರ್ಟ್ಸ್ ಕೆಳಗಿಂದೆಲ್ಲ ಆಂಪಲ್ಲಿ (ಸ್ಪೀಕರ್ ನಡೆಸೋ ಆಂಪ್ಲಿಫೈಯರಲ್ಲಿ) ಕಡಿಮೆ ಮಾಡಿ, ಬೇಸ್ ನಾಬ್ ಪೂರ್ತಿ ಎಡಕ್ಕೆ. ವಯಸ್ಸಾದವ್ರಿಗೆ ಮೊದ್ಲು ಹೋಗೋದು ಮೇಲಿನ ಸ್ವರ. ಸ, ಶ, ತ, ಕ ಇವೆಲ್ಲ ಇರೋದೇ ಅಲ್ಲಿ, 2 ರಿಂದ 4 ಕಿಲೋಹರ್ಟ್ಸ್ ಮತ್ತೆ ಅದ್ರ ಮೇಲೆ. ಬೇಸ್ ಗುಂಯ್ ಅಂತಿದ್ರೆ ಅದು ಮುಚ್ಚೋಗುತ್ತೆ.

ರೆಡಿಂಗ್‌ಕನ್ನಡಿಗ

ಇಂಗ್ಲೆಂಡಿಂದ ಬರೀತಿದೀನಿ, ಇಲ್ಲಿ ಬಾತ್‌ರೂಮ್ ಟಿವಿ ಸ್ವಲ್ಪ ಕಾಮನ್. ಇಲ್ಲಿನ ವೈರಿಂಗ್ ನಿಯಮ ಬಿಎಸ್ 7671 ಎಷ್ಟು ಕಟ್ಟುನಿಟ್ಟು ಅಂದ್ರೆ ಶೇವರ್ ಪಾಯಿಂಟ್ ಬಿಟ್ಟು ಮಾಮೂಲಿ ಸಾಕೆಟ್ ಟಬ್ಬಿನ ಝೋನ್ 1ರ (ಟಬ್ಬು, ಶವರ್ ಇರೋ ಒದ್ದೆ ಜಾಗ) ಅಂಚಿಂದ 3 ಮೀಟರ್ ದೂರ ಇರ್ಬೇಕಿತ್ತು, 2022ರಲ್ಲಿ ಅದನ್ನ 2.5 ಮೀಟರ್ ಮಾಡಿದ್ರು, ನಮ್ಮನೆ ಬಾತ್‌ರೂಮ್ ಅಷ್ಟು ಉದ್ದಾನೇ ಇಲ್ಲ. ಲೈಟ್ ಸ್ವಿಚ್ಚು ಕೂಡ ಸೀಲಿಂಗಿಂದ ನೇತಾಡೋ ದಾರ. ಊರಿಂದ ಅಮ್ಮ ಬಂದಾಗ ಮೊದಲ್ನೇ ದಿನ ಕತ್ತಲಲ್ಲೇ ಸ್ನಾನ ಮಾಡಿದ್ರು, ದಾರ ಕರ್ಟನ್ನಿಂದು ಅನ್ಕೊಂಡು.

ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಐಇಸಿ ಲೆಕ್ಕದಲ್ಲಿ, ಟ್ರೇ ಇಲ್ದೆ ನೆಲಕ್ಕೇ ನೀರು ಬೀಳೋ ನಮ್ಮೂರ ಥರದ ಶವರ್ ಆದ್ರೆ ನೀರು ಬರೋ ಜಾಗದಿಂದ ಸುತ್ತ 1.2 ಮೀಟರ್, ಎತ್ತರ 2.25 ಮೀಟರ್ ತನಕ ಝೋನ್ 1. ನಿಮ್ಮ ಸೀಲಿಂಗ್ 2.4 ಇರೋದ್ರಿಂದ ಅದ್ರಲ್ಲಿ ಕೂತ ಸ್ಪೀಕರ್ ಅದ್ರ ಮೇಲೇ ಆಯ್ತು, ಆದ್ರೂ ಶವರ್ ತಲೆ ಮೇಲೆ ಹಾಕ್ಬೇಡಿ, ಬೇಸಿನ್ ಕಡೆ ಹಾಕಿ. ಮತ್ತೆ ಅಂಗಡೀಲಿ 100 ವೋಲ್ಟ್ ಲೈನ್ ಸ್ಪೀಕರ್ ಕೊಡಕ್ಕೆ ನೋಡ್ತಾರೆ, ಹೋಟ್ಲು, ಮದುವೆ ಛತ್ರದಲ್ಲಿ ಹಾಕೋದು ಅದು, ಬೇಡ ಅನ್ನಿ. 8 ಓಮ್ ಸಾದಾದು ಕೇಳಿ.

ಉಪ್ಪುಗಾಳಿ

ಮಂಗ್ಳೂರಿಂದ. ನಾನು ಇದೇ ಕೆಲ್ಸ ಮಾಡಿ ಕೈ ಸುಟ್ಕೊಂಡಿದ್ದು ಮಾರಾಯ್ರೆ. ಕಾರಿಂದ ತೆಗ್ದ ಪೇಪರ್ ಕೋನ್ (ಅದುರಿ ಸದ್ದು ಮಾಡುವ ತಟ್ಟೆ) ಸ್ಪೀಕರ್ ಎರಡು ಇತ್ತು, ಸುಮ್ನೆ ಹಾಳಾಗುದು ಯಾಕೆ ಅಂತ ಬಾತ್‌ರೂಮ್ ಸೀಲಿಂಗಿಗೆ ಹಾಕಿದೆ, ಒಂದು ಮಳೆಗಾಲ ಕಳೀವಾಗ ಕೋನ್ ಒದ್ದೆ ಹಪ್ಪಳದ ಹಾಗೆ ಬಗ್ಗಿತ್ತು, ಗ್ರಿಲ್ಲಿನ ಸ್ಕ್ರೂ ತುಕ್ಕು ಹಿಡ್ದು ತಿರುಗ್ಲಿಕ್ಕೇ ಇಲ್ಲ. ಪಾಲಿಪ್ರೊಪಿಲೀನ್ ಕೋನ್, ಸುತ್ತ ರಬ್ಬರು, ಅಲ್ಯೂಮಿನಿಯಂ ಗ್ರಿಲ್, ಸ್ಟೀಲ್ ಸ್ಕ್ರೂ, ಇಷ್ಟು ನೋಡಿ ತೆಕ್ಕೊಳ್ಳಿ. ಮೈಸೂರಲ್ಲಿ ಉಪ್ಪುಗಾಳಿ ಇಲ್ಲ, ನಿಮ್ದು ಬಾಳ್ತದೆ.

ಸರ್ಕೀಟುಕಾಕ

ಸರಿ, ಈಗ ಪಕ್ಕಾ ಪ್ಲಾನು. ಎರಡು ಸ್ಪೀಕರ್ ಬೇಡ, 5 ಅಡಿ ರೂಮಲ್ಲಿ ಸ್ಟೀರಿಯೋ ಯಾರಿಗ್ ಬೇಕು. ಆದ್ರೆ ಒಂದೇ ಸ್ಪೀಕರ್ ಹಾಕಿ ಎಡದ ಚಾನಲ್ ಮಾತ್ರ ಕೊಟ್ರೆ ಅರ್ಧ ಸೌಂಡ್ ಹೋಗುತ್ತೆ, ಎಡ ಬಲ ಎರಡೂ ವೈರ್ ತಿರುಚಿ ಒಟ್ಟಿಗೆ ಸೇರ್ಸಿದ್ರೆ ಆಂಪ್ ಹೋಗುತ್ತೆ. ಇದಕ್ಕೇ ಅಂತ ಡ್ಯುಯಲ್ ವಾಯ್ಸ್ ಕಾಯಿಲ್ ಸೀಲಿಂಗ್ ಸ್ಪೀಕರ್ ಬರುತ್ತೆ, 6.5 ಇಂಚು, ಕೋನ್ ಒಂದೇ, ಅದಕ್ಕೆ ಸುತ್ತಿರೋ ಕಾಯಿಲ್ ಎರಡು, ಟ್ವೀಟರ್ (ಮೇಲಿನ ಸ್ವರಕ್ಕೆ ಇರೋ ಸಣ್ಣ ಸ್ಪೀಕರ್) ಎರಡು. ಎಡ ಒಂದಕ್ಕೆ ಬಲ ಇನ್ನೊಂದಕ್ಕೆ, ಕೋನಲ್ಲೇ ಎರಡೂ ಸೇರುತ್ತೆ. ಬೆಂಗ್ಳೂರಿಗೆ ಬಂದ್ರೆ ಎಸ್.ಪಿ. ರೋಡಲ್ಲಿ ಸಿಗುತ್ತೆ, ಆನ್‌ಲೈನಲ್ಲೂ ಇದೆ.

ವೈರು ನಾಲ್ಕು ಕೋರಿಂದು, 1 ಚದರ ಮಿಲಿಮೀಟರ್ ಸಾಕು, ಹೆಚ್ಚಂದ್ರೆ 8 ಮೀಟರ್ ಓಡುತ್ತೆ. ಅದೇ ಪೈಪಲ್ಲಿ ಕರೆಂಟ್ ವೈರ್ ತೂರಿಸ್ಬೇಡಿ. ಆಂಪು ಸಣ್ಣದು ಕ್ಲಾಸ್ ಡಿ, ಚಾನಲ್ಲಿಗೆ 15 ರಿಂದ 20 ವಾಟ್ ಬೇಕಾದಷ್ಟಾಯ್ತು, ನೀವು ಬಳಸೋದು ಒಂದೆರಡು ವಾಟ್ ಇರ್ಬೋದು. ಒಂದು ಎಚ್ಚರ, ಈ ಸಣ್ಣ ಆಂಪ್‌ಗಳು ಬ್ರಿಡ್ಜ್ ಔಟ್‌ಪುಟ್ಟು, ಅಂದ್ರೆ ಮೈನಸ್ ವೈರಲ್ಲೂ ಸಿಗ್ನಲ್ ಇರುತ್ತೆ, ಎಡದ ಮೈನಸ್ಸು ಬಲದ ಮೈನಸ್ಸು ಎರಡೂ ಅರ್ತೇ ತಾನೇ ಅಂತ ಒಂದೇ ವೈರ್ ಮಾಡಿದ್ರೆ ಹೊಗೆ ಬರುತ್ತೆ.

ಟಿವಿಯಿಂದ ಆಂಪಿಗೆ ಹೆಂಗೆ ಅನ್ನೋದು ನಿಜವಾದ ತಲೆನೋವು. ಎಆರ್‌ಸಿ ಆದ್ರೆ ರಿಮೋಟ್ ಒಂದೇ ಸಾಕು, ಆದ್ರೆ ಎಆರ್‌ಸಿ ಇರೋ ಸಣ್ಣ ಆಂಪು ದುಬಾರಿ. ಆಪ್ಟಿಕಲ್ ಚೆನ್ನಾಗಿದೆ, ಬೆಳಕಲ್ಲಿ ಹೋಗುತ್ತೆ ಹಾಗಾಗಿ ಹಮ್ಮಿಂಗ್ ಬರಲ್ಲ, ಆದ್ರೆ ಸಾಮಾನ್ಯವಾಗಿ ಟಿವಿ ರಿಮೋಟಲ್ಲಿ ವಾಲ್ಯೂಮ್ ಬದಲಾಗಲ್ಲ, ಆಂಪು ವಾರ್ಡ್‌ರೋಬಲ್ಲಿ, ಅಪ್ಪ ಸೋಪ್ ಹಚ್ಕೊಂಡು ಎದ್ದು ಬರ್ತಾರಾ? ಹೆಡ್‌ಫೋನ್ ಜ್ಯಾಕ್ ಹಳೇ ಕಾಲದ್ದು ಆದ್ರೆ ವಾಲ್ಯೂಮ್ ಟಿವಿ ರಿಮೋಟಲ್ಲೇ, ಪಿನ್ ಚುಚ್ಚಿದ ತಕ್ಷಣ ಆ ಬಾವಿ ಸ್ಪೀಕರ್ ತಾನಾಗೇ ಬಾಯಿ ಮುಚ್ಚುತ್ತೆ. ನಾನಾದ್ರೆ ಹೆಡ್‌ಫೋನ್ ಜ್ಯಾಕೇ.

ಸುಮ್ನೆಓದ್ತೀನಿ

ಬ್ಲೂಟೂತ್ ಲೇಟಾಗೋದಕ್ಕೆ ಟಿವೀಲಿ ಎವಿ ಸಿಂಕ್ ಅಂತ ಸೆಟ್ಟಿಂಗ್ ಇರುತ್ತಲ್ಲ, ಅದು ಮಾಡ್ಬೋದಿತ್ತಲ್ಲ?

ತಗಡುಡಬ್ಬ

ಬಹಳಷ್ಟು ಟಿವೀಲಿ ಆ ಸೆಟ್ಟಿಂಗ್ ಸೌಂಡನ್ನ ತಡ ಮಾಡುತ್ತೆ, ಚಿತ್ರಾನ ತಡ ಮಾಡಲ್ಲ. ಇಲ್ಲಿ ಮೊದ್ಲೇ ಸೌಂಡ್ ಹಿಂದೆ ಬಿದ್ದಿದೆ, ಇನ್ನೂ ಹಿಂದಕ್ಕೆ ತಳ್ಳಿ ಏನ್ ಮಾಡೋದು. ಮಾಮೂಲಿ ಬ್ಲೂಟೂತ್ 0.2 ಸೆಕೆಂಡ್ ಆಸುಪಾಸು ಹಿಂದಿರುತ್ತೆ, ಕಣ್ಣಿಗೆ ಗೊತ್ತಾಗೇ ಆಗುತ್ತೆ.

ಅರ್ಧಮನೆ, ಮುಂದಿನ ಶನಿವಾರ

ಅಪ್‌ಡೇಟ್. ಟವೆಲ್ ಟ್ರಿಕ್ ನಿಜವಾಗ್ಲೂ ಕೆಲ್ಸ ಮಾಡ್ತು, ಹಳೇ ಸ್ಪೀಕರಲ್ಲೇ ಅರ್ಧಕ್ಕರ್ಧ ಮಾತು ಅರ್ಥ ಆಯ್ತು, ಹೆಂಡ್ತಿ ಮಾತ್ರ ಒಣಗಿದ ಟವೆಲ್ ನಾಲ್ಕು ಒದ್ದೆ ಬಾತ್‌ರೂಮಲ್ಲಿ ಯಾಕೆ ಅಂತ ಕೇಳಿದ್ಲು, ಸೈನ್ಸು ಅಂದೆ.

ಡ್ಯುಯಲ್ ಕಾಯಿಲ್ ಸ್ಪೀಕರ್, ಆಂಪು ತರ್ಸಿ ಎಲೆಕ್ಟ್ರಿಷಿಯನ್ ಕರ್ಸಿ ಹಾಕ್ಸಿದೆ. ಈಗ ಹೊಸ ವಿಚಿತ್ರ. ಹಾಡು ಹಾಕಿದ್ರೆ ಪಿಟೀಲು, ತಬಲಾ ಎಲ್ಲ ಕೇಳುತ್ತೆ, ಹಾಡೋರು ನಾಪತ್ತೆ. ವಾರ್ತೆ ಹಾಕಿದ್ರೆ ಮಾತೇ ಇಲ್ಲ, ಬರೀ ಸ್... ಶ್... ತ್ಸ್... ಅಂತ ಯಾರೋ ಗುಟ್ಟು ಹೇಳ್ದಂಗೆ, ಸರ್ಕಾರ ಅಂದ್ರೆ ಸ್ ಅಷ್ಟೇ ಬರುತ್ತೆ. ಅಂಗಡಿಯವ್ರಿಗೆ ಫೋನ್ ಮಾಡಿದ್ರೆ ಸ್ಪೀಕರ್ ಪಳಗ್ಬೇಕು ಸಾರ್, ಒಂದ್ವಾರ ಜೋರಾಗಿ ಹಾಕಿ ಸರಿಹೋಗುತ್ತೆ ಅಂತಾರೆ. ಜೊತೆಗೆ ಹಿಂದೆ ಸಣ್ಣಗೆ ಗೊಂಯ್ ಅಂತ ಒಂದು ಶಬ್ದ ಯಾವಾಗ್ಲೂ ಇದೆ.

ಸರ್ಕೀಟುಕಾಕ

ಪಳಗೋದೂ ಇಲ್ಲ ಏನೂ ಇಲ್ಲ, ಒಂದು ಕಾಯಿಲ್ಲಿನ ಪ್ಲಸ್ ಮೈನಸ್ ಉಲ್ಟಾ ಆಗಿದೆ. ವಾರ್ತೆ ಓದೋ ದನಿ ಎಡ ಬಲ ಎರಡರಲ್ಲೂ ಒಂದೇ ಸಮ ಇರುತ್ತೆ. ಒಂದು ಕಾಯಿಲ್ ಕೋನನ್ನ ಮುಂದಕ್ಕೆ ತಳ್ಳುತ್ತೆ, ಉಲ್ಟಾ ಆಗಿರೋ ಕಾಯಿಲ್ ಅಷ್ಟೇ ಬಲದಲ್ಲಿ ಹಿಂದಕ್ಕೆ ಎಳೆಯುತ್ತೆ, ಕೋನ್ ಅಲ್ಲಾಡೋದೇ ಇಲ್ಲ. ವಾದ್ಯಗಳು ಎಡಕ್ಕೊಂದು ಬಲಕ್ಕೊಂದು ಹಂಚಿರುತ್ತಲ್ಲ, ಅವು ಉಳ್ಕೊಳ್ಳುತ್ತೆ. ಟ್ವೀಟರ್ ಎರಡೂ ಬೇರೆ ಬೇರೆ ಇರೋದ್ರಿಂದ ಮೇಲಿನ ಸ್ವರ ಪೂರ್ತಿ ಸಾಯಲ್ಲ, ಅದೇ ನಿಮ್ಮ ಸ್ ಶ್. ಗ್ರಿಲ್ ಬಿಚ್ಚಿ ಒಂದು ಜೊತೆ ವೈರ್ ಮಾತ್ರ ಅದಲುಬದಲು ಮಾಡಿ. ಎರಡನ್ನೂ ಮಾಡಿದ್ರೆ ಮತ್ತೆ ಅಲ್ಲಿಗೇ ಬರ್ತೀರ.

ಗೊತ್ತಾಗ್ಲಿಲ್ಲ ಅಂದ್ರೆ ಗಡಿಯಾರದ ಸೆಲ್ ತಗೊಳಿ, 1.5 ವೋಲ್ಟು. ಆಂಪಿಂದ ನಾಲ್ಕೂ ವೈರ್ ಬಿಚ್ಚಿ, ಒಂದು ಜೊತೆಗೆ ಸೆಲ್ಲನ್ನ ಒಂದ್ ಕ್ಷಣ ತಾಗ್ಸಿ ಬಿಡಿ, ಪಟ್ ಅನ್ನುತ್ತೆ. ಕೋನ್ ಹೊರಗೆ ಬಂದ್ರೆ ಸೆಲ್ಲಿನ ಪ್ಲಸ್ ತಾಗಿದ ವೈರೇ ಪ್ಲಸ್ಸು. ಎರಡೂ ಜೊತೆ ಹಿಂಗೆ ನೋಡಿ ಪ್ಲಸ್ಸಿಗೆ ಕೆಂಪು ಟೇಪ್ ಸುತ್ತಿ.

ಹುಬ್ಳಿಮಂದಿ

ಕಾಕಾ ಬೆಂಕಿ! ನಮ್ಮ ಓಣಿ ಗಣೇಶನ ಪೆಂಡಾಲದಾಗ ಹೋದ ವರ್ಷ ಹಿಂಗ ಆಗಿತ್ರಿ, ಎರಡು ಬಾಕ್ಸ್ ನಡುವ ನಿಂತ್ರ ಬೇಸ್ ಇಲ್ಲ, ಬಾಜೂಕ ಸರಿದ್ರ ಎದಿ ನಡುಗ್ತಿತ್ತು. ಮೂರು ದಿವ್ಸ ಆಪರೇಟರ್‌ಗ ಬೈದ್ವಿ, ಕಡೀಕ್ ನೋಡಿದ್ರ ನಮ್ಮ ಹುಡುಗೂರ ವೈರ್ ಉಲ್ಟಾ ಹಚ್ಚಿದ್ವು.

ರೆಡಿಂಗ್‌ಕನ್ನಡಿಗ

ಆ ಗೊಂಯ್ ಶಬ್ದ ಗ್ರೌಂಡ್ ಲೂಪ್ ಇರ್ಬೇಕು. ಡಿಷ್ ಕೇಬಲ್ ಡಿಟಿಎಚ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಆಂಪಿಗೆ, ಎಲ್ಲೋ ಎರಡು ಕಡೆ ಅರ್ತ್ ಆಗಿ ಸುತ್ತು ಬಿದ್ದಿದೆ. ಟೆಸ್ಟ್ ಸುಲಭ, ಬಾಕ್ಸ್ ಹಿಂದಿನ ಡಿಷ್ ಕೇಬಲ್ ಬಿಚ್ಚಿ, ಗೊಂಯ್ ನಿಂತ್ರೆ ಅದೇ. ಹೆಡ್‌ಫೋನ್ ಕೇಬಲ್ ಮಧ್ಯ ಹಾಕೋ ಸಣ್ಣ ಗ್ರೌಂಡ್ ಲೂಪ್ ಐಸೋಲೇಟರ್ ಸಿಗುತ್ತೆ, ಒಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಅಷ್ಟೇ. ಅಗ್ಗದ್ದು ಸ್ವಲ್ಪ ಬೇಸ್ ತಿನ್ನುತ್ತೆ, ನಿಮಗೆ ಅದೂ ಒಳ್ಳೇದೇ. ಯಾರಾದ್ರೂ ಅಡಾಪ್ಟರಿನ ಅರ್ತ್ ಪಿನ್ ಮುರೀರಿ ಅಂದ್ರೆ ಕೇಳ್ಬೇಡಿ.

ಸರ್ಕೀಟುಕಾಕ

ಅರ್ತ್ ಪಿನ್ ಮುರೀರಿ ಅಂದೋನನ್ನ ನನ್ ಹತ್ರ ಕಳ್ಸಿ.

ಅರ್ಧಮನೆ, ಭಾನುವಾರ ರಾತ್ರಿ

ಆಯ್ತು! ನಿನ್ನೆ ಅಡುಗೆಮನೆ ಗೋಡೆ ಗಡಿಯಾರದ ಸೆಲ್ ತೆಗ್ದು ಟೆಸ್ಟ್ ಮಾಡ್ದೆ, ಒಂದು ಜೊತೆಗೆ ಕೋನ್ ಹೊರಗೆ, ಇನ್ನೊಂದಕ್ಕೆ ಒಳಗೆ. ಕೋನ್ ಅಲ್ಲಾಡೋದು ಬರಿಗಣ್ಣಿಗೆ ಸರಿಯಾಗಿ ಕಾಣ್ಲಿಲ್ಲ, ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗ್ದು ನೋಡಿದೆ, ಆಗ ಗೊತ್ತಾಯ್ತು. ವೈರ್ ಬದಲಾಯ್ಸಿ ಗ್ರಿಲ್ ಕೂಡ ಹಾಕದೇ ಆನ್ ಮಾಡ್ದೆ, ವಾರ್ತೆ ಓದೋರು ನಮ್ಮ ಸೀಲಿಂಗಲ್ಲೇ ಕೂತು ಮಾತಾಡ್ದಂಗೆ ಬಂತು. ಸೆಲ್ ವಾಪಸ್ ಹಾಕೋದು ಮರ್ತು ಬಿಟ್ಟಿದ್ದೆ, ಸಂಜೆ ಏಳಾದ್ರೂ ಗಡಿಯಾರದಲ್ಲಿ ನಾಲ್ಕೂಕಾಲು, ಅದಕ್ಕೂ ಬೈಸ್ಕೊಂಡೆ.

ಗೊಂಯ್ ಶಬ್ದ ಡಿಷ್ ಕೇಬಲ್ ಬಿಚ್ಚಿದ ತಕ್ಷಣ ನಿಲ್ತು, ಐಸೋಲೇಟರ್ ಆರ್ಡರ್ ಹಾಕಿದೀನಿ. ಬೇಸ್ ಪೂರ್ತಿ ಕಡಿಮೆ, ಟ್ರೆಬಲ್ ಎರಡು ಗೀಟು ಜಾಸ್ತಿ, ಮೊದ್ಲು 40 ಇಡ್ತಿದ್ದ ವಾಲ್ಯೂಮ್ ಈಗ 14. ಕನ್ನಡಿ ಎದುರಿನ ಗೋಡೆಗೆ ಟವೆಲ್ ರಾಡ್ ಖಾಯಂ ಮಾಡ್ದೆ, ಎರಡು ಟವೆಲ್‌ಗೆ ಪರ್ಮಿಷನ್ ಸಿಕ್ಕಿದೆ.

ಅಪ್ಪ ಬೆಳಿಗ್ಗೆ ಶೇವಿಂಗ್ ಮಾಡ್ಕೊಂಡು ಹೊರಗೆ ಬಂದು ಅಂದಿದ್ದು ಇಷ್ಟೇ, ಎಕ್ಸಾಸ್ಟ್ ಫ್ಯಾನ್ ಬಹಳ ಸದ್ದು ಮಾಡುತ್ತಲ್ಲೋ, ಮೊದ್ಲು ಹಿಂಗಿರ್ಲಿಲ್ಲ.

ತಗಡುಡಬ್ಬ

ಮೊದ್ಲೂ ಹಿಂಗೇ ಇತ್ತು, ಆ 40ರ ಗದ್ದಲದಲ್ಲಿ ಕೇಳ್ತಿರ್ಲಿಲ್ಲ. ಫ್ಯಾನ್ ಬಿಚ್ಚಿ ರೆಕ್ಕೆ ತೊಳೀರಿ, ಧೂಳು ಒಂದೇ ಕಡೆ ಕೂತ್ರೆ ಬ್ಯಾಲೆನ್ಸ್ ತಪ್ಪಿ ನಡುಗುತ್ತೆ. ಸ್ಕ್ರೂಗಳ ಕೆಳಗೆ ಹಳೇ ಸೈಕಲ್ ಟ್ಯೂಬ್ ತುಂಡು ಕತ್ತರಿಸಿ ಇಡಿ.

ಸುಮ್ನೆಓದ್ತೀನಿ

ಒಂದು ಡೌಟು, ಇದನ್ನ ಓದಿ ನಮ್ಮನೇಲೂ ಮಾಡ್ಸೋಣ ಅನ್ಸಿದೆ. ಅದೇ ಮುಕ್ಕಾಲಿಂಚು ಪೈಪಲ್ಲಿ ಎಚ್‌ಡಿಎಂಐ ಕೇಬಲ್ಲೂ ಎಳೀಬಹುದಾ?

ಸರ್ಕೀಟುಕಾಕ

ಕೇಬಲ್ ಹೋಗುತ್ತೆ, ಅದ್ರ ತಲೆ ಬೆಂಡಲ್ಲಿ ಸಿಕ್ಕಾಕೊಳ್ಳುತ್ತೆ, ಆಮೇಲೆ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಗೋಡೆ ಇನ್ನೂ ಒಡೆದಿರೋವಾಗ್ಲೇ ಒಂದೂವರೆ ಇಂಚಿನ ಪೈಪ್ ಹಾಕ್ಸಿ, ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ. ಮುಕ್ಕಾಲಿಂಚೇ ಇರೋದು ಅಂದ್ರೆ ಕ್ಯಾಟ್6 (ನೆಟ್‌ವರ್ಕ್ ಕೇಬಲ್) ಎಳೆದು ಎರಡೂ ತುದಿಗೆ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿ. ಮನೆ ಯಾವ ಹಂತದಲ್ಲಿದೆ?

ಸುಮ್ನೆಓದ್ತೀನಿ

ನಿನ್ನೆ ಟೈಲ್ಸ್ ಅಂಟ್ಸಿ ಮುಗೀತು.

ಸರ್ಕೀಟುಕಾಕ

ಕ್ಯಾಟ್6.